ನರದಲ್ಲಿ ಸುದ್ದಿ ನಿಂತದ್ದೆಲ್ಲಿ?



"ಕೈ ಜೋಮು ಹಿಡಿಯುತ್ತದೆ ಡಾಕ್ಟರೇ", "ಪಾದ ಮರಗಟ್ಟಿದೆ, ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ", "ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕಾಲಿಗೆ ಮತ್ತೆ ಶಕ್ತಿ ಬರುತ್ತದೆಯೇ?" ಹೊರರೋಗಿಗಳ ವಿಭಾಗದಲ್ಲಿ ದಿನವೂ ಕೇಳಿಬರುವ ಮಾತುಗಳಿವು. ಸಾಲಿನಲ್ಲಿ ಇನ್ನೂ ಐವತ್ತು ಜನ ಕಾದಿರುವಾಗ ವೈದ್ಯರು ಇವಕ್ಕೆಲ್ಲ ವಿಸ್ತಾರವಾಗಿ ಉತ್ತರಿಸಲು ಆಗುವುದಿಲ್ಲ. ಆದುದರಿಂದ ನರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಈ ತಿಳಿವಳಿಕೆಯಲ್ಲಿ ಒಂದು ಮುಖ್ಯ ಪಾಲು ನಮ್ಮ ಊರಿನ ಈ ಭಾಗದಲ್ಲೇ ದುಡಿದ ಒಬ್ಬ ವಿಜ್ಞಾನಿಯದು ಎಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ನರ ಎಂದರೆ ಯಾವುದು?

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ನಮ್ಮಲ್ಲಿ ರಕ್ತನಾಳವನ್ನೂ ನರ ಎಂದೇ ಕರೆಯುವ ವಾಡಿಕೆ ಇದೆ. ಡ್ರಿಪ್ ಹಾಕುವಾಗ ಸಿಸ್ಟರ್ "ನರ ಸಿಗುತ್ತಿಲ್ಲ" ಎಂದರೆ ಅದು ರಕ್ತನಾಳದ ಮಾತು. ಮುಂಗೈ ಮೇಲೆ ಹಸಿರಾಗಿ ಕಾಣುವುದೂ, ಬಹಳ ಹೊತ್ತು ನಿಂತು ಕೆಲಸ ಮಾಡುವವರ ಕಾಲಿನಲ್ಲಿ ಸುರುಳಿಯಾಗಿ ಉಬ್ಬುವುದೂ ರಕ್ತನಾಳವೇ. ನಾವು ಇಲ್ಲಿ ಹೇಳುತ್ತಿರುವ ನರ ಬೇರೆ. ಅದು ಮೆದುಳು ಮತ್ತು ಬೆನ್ನುಹುರಿಯಿಂದ ಹೊರಟು ಮೈಯೆಲ್ಲ ಹರಡಿರುವ ಬಿಳಿಯ ದಾರ. ಆ ದಾರವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಸಾವಿರಾರು ಎಳೆಗಳು ಕಾಣುತ್ತವೆ. ಇವೇ ನರತಂತುಗಳು. ಒಂದೊಂದು ತಂತುವೂ ಒಂದೇ ಜೀವಕೋಶ ಚಾಚಿದ ತೋಳು. ಸೊಂಟದ ಬಳಿಯಿಂದ ಕಾಲಿನ ಹೆಬ್ಬೆರಳಿಗೆ ಹೋಗುವ ತಂತು ಕೂದಲಿಗಿಂತ ಎಷ್ಟೋ ತೆಳ್ಳಗಿದ್ದು, ಸುಮಾರು ಒಂದು ಮೀಟರ್ ಉದ್ದವಿರುತ್ತದೆ.

(ಗೋಡೆಗಳ ಮೇಲೆ "ನರದೌರ್ಬಲ್ಯಕ್ಕೆ ಖಾತ್ರಿ ಚಿಕಿತ್ಸೆ" ಎಂದು ಬರೆಸುವವರು ಯಾವ ನರದ ಮಾತಾಡುತ್ತಾರೆ ಎಂಬುದು ಅವರಿಗೇ ಗೊತ್ತು. ಅಂಥಲ್ಲಿ ಹಣ ಕಳೆದುಕೊಳ್ಳಬೇಡಿ.)

ನರವನ್ನು ಕರೆಂಟ್ ತಂತಿಗೆ ಹೋಲಿಸುವುದುಂಟು. ಹೋಲಿಕೆ ಪೂರ್ತಿ ಸರಿಯಲ್ಲ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬುವರು ಕಪ್ಪೆಯ ನರದಲ್ಲಿ ಸುದ್ದಿ ಹರಿಯುವ ವೇಗವನ್ನು ಅಳೆದರು. ಅದು ಸೆಕೆಂಡಿಗೆ ಮೂವತ್ತು ಮೀಟರಿಗೂ ಕಡಿಮೆ ಇತ್ತು. ತಂತಿಯಲ್ಲಿ ವಿದ್ಯುತ್ತು ಸಾಗುವ ವೇಗಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಅಂದರೆ ನರದಲ್ಲಿ ನಡೆಯುವುದು ಬೇರೆ ವ್ಯವಹಾರ.

ಅದು ಏನೆಂಬುದು ಗೊತ್ತಾಗಲು ಇನ್ನೂ ನೂರು ವರ್ಷ ಬೇಕಾಯಿತು. ಸ್ಕ್ವಿಡ್ ಎಂಬ ಸಮುದ್ರಜೀವಿಯಲ್ಲಿ ಒಂದು ಮಿಲಿಮೀಟರ್ ದಪ್ಪದ ನರತಂತು ಇರುತ್ತದೆ. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಅದರೊಳಗೆ ತೆಳುವಾದ ತಂತಿ ಇಳಿಸಿ ವಿದ್ಯುತ್ತನ್ನು ಅಳೆದು, 1952ರಲ್ಲಿ ಅದರ ಗುಟ್ಟನ್ನು ಪ್ರಕಟಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅವರು ಕಂಡದ್ದು ಇಷ್ಟು: ತಂತುವಿನ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಸೋಡಿಯಂ ಎಂದರೆ ನಾವು ತಿನ್ನುವ ಉಪ್ಪಿನಲ್ಲಿರುವುದೇ. ಸುದ್ದಿ ಬಂದಾಗ ತಂತುವಿನ ಗೋಡೆಯ ಒಂದು ಜಾಗದಲ್ಲಿ ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಅಲ್ಲಿ ಉಂಟಾಗುವ ವಿದ್ಯುತ್ತಿನ ಬದಲಾವಣೆ ಪಕ್ಕದ ಜಾಗವನ್ನು ಎಚ್ಚರಿಸುತ್ತದೆ. ಅಲ್ಲಿಯೂ ಸೋಡಿಯಂ ನುಗ್ಗುತ್ತದೆ. ಹೀಗೇ ಮುಂದಕ್ಕೆ. ಸೋಡಿಯಂ ನುಗ್ಗಲು ಗೋಡೆಯಲ್ಲಿ ಅತಿ ಸಣ್ಣ ಬಾಗಿಲುಗಳಿವೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅವು ತೆರೆದು ಮುಚ್ಚುತ್ತವೆ.

ಜಾತ್ರೆಯಲ್ಲಿ ತೇರು ಹೊರಟಿತೆಂಬ ಸುದ್ದಿ ಕಿಕ್ಕಿರಿದ ಜನರಲ್ಲಿ ಬಾಯಿಂದ ಬಾಯಿಗೆ ಹಬ್ಬುವುದನ್ನು ನೆನಪಿಸಿಕೊಳ್ಳಿ. ಯಾರೂ ಓಡುವುದಿಲ್ಲ, ಎಲ್ಲರೂ ನಿಂತಲ್ಲೇ ಇರುತ್ತಾರೆ. ಸುದ್ದಿ ಮಾತ್ರ ತೇರಿನ ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೆ. ನಡುವೆ ಹತ್ತಿಪ್ಪತ್ತು ಜನ ಒಟ್ಟಿಗೆ ನಿದ್ದೆ ಹೋಗಿದ್ದರೆ ಸುದ್ದಿ ಅಲ್ಲಿಗೇ ನಿಂತಿತು. ನರದ ಕಾಯಿಲೆಗಳನ್ನು ಅರ್ಥ ಮಾಡಿಕೊಳ್ಳಲು ಈ ಚಿತ್ರ ಮನಸ್ಸಿನಲ್ಲಿದ್ದರೆ ಸಾಕು.

ಬಳ್ಳಾರಿ ರಸ್ತೆಯ ನೊಣಗಳು

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಜಿ.ಕೆ.ವಿ.ಕೆ. ಎಲ್ಲರಿಗೂ ಗೊತ್ತು. ಕೃಷಿ ಮೇಳಕ್ಕೆ ನಿಮ್ಮಲ್ಲಿ ಹಲವರು ಹೋಗಿರುತ್ತೀರಿ. ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ. ಎನ್.ಸಿ.ಬಿ.ಎಸ್. ಎಂದು ಕರೆಯುತ್ತಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಈ ಕೇಂದ್ರವನ್ನು 1990ರ ದಶಕದಲ್ಲಿ ಕಟ್ಟಿದವರು ಡಾ. ಒಬೈದ್ ಸಿದ್ದಿಕಿ. ಅವರೇ ಅದರ ಮೊದಲ ನಿರ್ದೇಶಕರು. ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ 1932ರಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಡಾಕ್ಟರೇಟ್ ಪಡೆದು, ಹೋಮಿ ಭಾಭಾ ಅವರ ಕರೆಯ ಮೇರೆಗೆ 1962ರಲ್ಲಿ ಮುಂಬಯಿಗೆ ಬಂದವರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಶರಣರು ಸಾರಿದ ನಾಡು ನಮ್ಮದು. ಸಿದ್ದಿಕಿಯವರು ಕೈಗೆತ್ತಿಕೊಂಡ ಕಾಯಕವೆಂದರೆ ನೊಣ ಸಾಕುವುದು.

ಹಣ್ಣಾದ ಬಾಳೆಗೊನೆಯ ಸುತ್ತ ಹಾರಾಡುತ್ತವಲ್ಲ, ಎಳ್ಳುಕಾಳಿನಷ್ಟಿರುವ ಕಂದು ನೊಣ, ಅದೇ. ಹತ್ತು ಹನ್ನೆರಡು ದಿನಕ್ಕೆ ಒಂದು ತಲೆಮಾರು ಮುಗಿಯುತ್ತದೆ. ಬಾಟಲಿಯಲ್ಲಿ ಸಾಕಬಹುದು. ಮುಖ್ಯವಾಗಿ, ಅದರ ನರತಂತುವೂ ನಮ್ಮ ನರತಂತುವೂ ಕೆಲಸ ಮಾಡುವ ಬಗೆ ಒಂದೇ.

1971ರಲ್ಲಿ ಕೆನಡಾದ ಡೇವಿಡ್ ಸುಜುಕಿ ಮತ್ತು ಸಂಗಡಿಗರು ಒಂದು ವಿಚಿತ್ರ ತಳಿಯ ನೊಣವನ್ನು ವರದಿ ಮಾಡಿದ್ದರು. 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಎಲ್ಲ ನೊಣಗಳಂತೆ ನಡೆಯುತ್ತದೆ, ಹಾರುತ್ತದೆ. 29 ಡಿಗ್ರಿಗೆ ಏರಿಸಿದರೆ ಪಾರ್ಶ್ವವಾಯು ಬಡಿದಂತೆ ದಿಢೀರನೆ ಬೀಳುತ್ತದೆ. ತಂಪು ಮಾಡಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಹೋಗುತ್ತದೆ. ಇದಕ್ಕೆ ಅವರು "ಪ್ಯಾರಾ" ಎಂದು ಹೆಸರಿಟ್ಟರು. ಇದೇ ಬಗೆಯ ಇನ್ನೊಂದು ತಳಿಗೆ "ಶಿಬಿರೆ" ಎಂದು ಹೆಸರು. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಅರ್ಥ, ನಾವು ಹೇಳುತ್ತೇವಲ್ಲ, ಜೋಮು ಹಿಡಿಯುವುದು!

ಸಿದ್ದಿಕಿಯವರು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸೀಮೋರ್ ಬೆಂಜರ್ ಎಂಬ ದೊಡ್ಡ ವಿಜ್ಞಾನಿಯೊಡನೆ ಇಂಥ ನೊಣಗಳ ಅಧ್ಯಯನಕ್ಕೆ ಕೈಹಾಕಿದರು. ಬಿಸಿಗೆ ಬೀಳುವ ಮತ್ತೊಂದು ತಳಿಯನ್ನು ತಾವೇ ಗುರುತಿಸಿ "ಕೊಮಟೋಸ್" ಎಂದು ಕರೆದರು. ಅಂದರೆ ಪ್ರಜ್ಞೆ ತಪ್ಪಿದ್ದು. ಬಿದ್ದರೆ ಇದು ಬೇಗ ಏಳುವುದಿಲ್ಲ.

ನೊಣ ಬಿತ್ತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಇವರು ಕೇಳಿದ ಪ್ರಶ್ನೆ ಬೇರೆ: ಸುದ್ದಿ ನಿಂತದ್ದೆಲ್ಲಿ? ತಂತುವಿನ ಉದ್ದಕ್ಕೂ ಓಡುವಾಗಲೇ ನಿಂತಿತೇ? ತಂತು ಮುಗಿದು ಸ್ನಾಯುವಿಗೆ ದಾಟಿಸುವ ಗಡಿಯಲ್ಲಿ ನಿಂತಿತೇ? ಅಥವಾ ಸ್ನಾಯುವೇ ಕೆಟ್ಟಿತೇ? ಎಳ್ಳಿನಷ್ಟು ನೊಣವನ್ನು ಅಲುಗದಂತೆ ಹಿಡಿದು, ಅದರ ಹಾರಾಟದ ಸ್ನಾಯುವಿಗೆ ಸೂಕ್ಷ್ಮವಾದ ವಿದ್ಯುದ್ವಾರ ಚುಚ್ಚಿ, ಬಿಸಿ ಏರಿಸುತ್ತ ಇಳಿಸುತ್ತ ವಿದ್ಯುತ್ತಿನ ಅಲೆ ಬರುತ್ತದೆಯೇ ಇಲ್ಲವೇ ಎಂದು ನೋಡಿದರು. ಕೈ ಒಂದಿಷ್ಟು ನಡುಗಿದರೂ ಕೆಲಸ ಕೆಟ್ಟಂತೆ. ಹೊರಗೆ ಒಂದೇ ಥರ ಬೀಳುವ ನೊಣಗಳಲ್ಲಿ ಒಳಗಿನ ದೋಷ ಬೇರೆ ಬೇರೆ ಜಾಗದಲ್ಲಿದೆ ಎಂಬುದು ಹೊರಬಿತ್ತು. ಶಿಬಿರೆಯಲ್ಲಿ ಸುದ್ದಿ ನಿಲ್ಲುವುದು ನರ ಮತ್ತು ಸ್ನಾಯು ಸೇರುವ ಗಡಿಯಲ್ಲಿ. ಪ್ಯಾರಾದಲ್ಲಿ ಹಾಗಲ್ಲ. 1976ರಲ್ಲಿ ಇದು ಪ್ರಕಟವಾಯಿತು.

ಆ ದಾರಿಯಲ್ಲೇ ಮುಂದೆ ನಡೆದ ವೂ ಮತ್ತು ಗ್ಯಾನೆಟ್ಸ್‌ಕಿ ಎಂಬ ವಿಜ್ಞಾನಿಗಳು 1980ರಲ್ಲಿ ಪ್ಯಾರಾ ನೊಣದಲ್ಲಿ ಸುದ್ದಿ ನಿಲ್ಲುವುದು ತಂತುವಿನಲ್ಲೇ ಎಂದು ತೋರಿಸಿದರು. 1989ರಲ್ಲಿ ಅದರ ವಂಶವಾಹಿಯನ್ನು ಬೇರ್ಪಡಿಸಿ ನೋಡಿದಾಗ ಅದು ಸೋಡಿಯಂ ಬಾಗಿಲನ್ನು ತಯಾರಿಸುವ ವಂಶವಾಹಿಯೇ ಆಗಿತ್ತು. ಹಾಡ್ಜ್‌ಕಿನ್, ಹಕ್ಸ್‌ಲಿ ಲೆಕ್ಕ ಹಾಕಿ ಇರಬೇಕೆಂದಿದ್ದ ಬಾಗಿಲಿಗೂ, ಬಿಸಿಗೆ ಬೀಳುವ ನೊಣಕ್ಕೂ ಹೀಗೆ ನಂಟು ಕೂಡಿತು. ಕೊಮಟೋಸ್‌ನ ದೋಷವಿದ್ದದ್ದು ತಂತುವಿನ ತುದಿಯಲ್ಲಿ ರಾಸಾಯನಿಕವನ್ನು ಹೊರಬಿಡುವ ಯಂತ್ರದಲ್ಲಿ. ಅದೇ ಯಂತ್ರದ ಮೇಲೆ ದುಡಿದ ಜೇಮ್ಸ್ ರಾಥ್‌ಮನ್ ಮತ್ತಿಬ್ಬರೊಡನೆ 2013ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅದೇ ವರ್ಷ ಜುಲೈ 26ರಂದು, ಬೆಂಗಳೂರಿನ ರಸ್ತೆ ಅಪಘಾತವೊಂದರಲ್ಲಿ ತಲೆಗೆ ಪೆಟ್ಟಾಗಿ ಸಿದ್ದಿಕಿಯವರು ತೀರಿಕೊಂಡಿದ್ದರು. ಅವರಿಗೆ 81 ವರ್ಷ. 2006ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತ್ತು.

ಮರಗಟ್ಟಿಸುವ ಇಂಜೆಕ್ಷನ್

ನೊಣದ ಬಾಗಿಲಿಗೂ ನಮಗೂ ಏನು ಸಂಬಂಧ ಎನ್ನುತ್ತೀರಾ? ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ಮುಚ್ಚುವುದು ಇದೇ ಸೋಡಿಯಂ ಬಾಗಿಲುಗಳನ್ನು. ಚುಚ್ಚಿದ ಜಾಗದಲ್ಲಿ ಸುದ್ದಿ ನಿಲ್ಲುತ್ತದೆ. ನೋವು ಇರುವುದು ಗಾಯದಲ್ಲೇ. ಆದರೆ ಅದರ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಔಷಧಿಯನ್ನು ರಕ್ತ ಮೆಲ್ಲನೆ ತೊಳೆದುಕೊಂಡು ಹೋದ ಹಾಗೆ ಬಾಗಿಲುಗಳು ಮತ್ತೆ ತೆರೆಯುತ್ತವೆ. ತಂಪು ಮಾಡಿದ ನೊಣ ಎದ್ದ ಹಾಗೆ.

ನೋವಿನ ಸುದ್ದಿ ಒಯ್ಯುವ ತಂತುಗಳು ತೀರ ತೆಳು. ಸಾಮಾನ್ಯವಾಗಿ ಅವೇ ಮೊದಲು ನಿದ್ದೆಗೆ ಜಾರುತ್ತವೆ. ಮುಟ್ಟಿದ್ದು, ಒತ್ತಿದ್ದು ತಿಳಿಸುವ ದಪ್ಪ ತಂತುಗಳು ಇನ್ನೂ ಎಚ್ಚರವಿರಬಹುದು. ಆದ್ದರಿಂದ ಇಂಜೆಕ್ಷನ್ ಕೊಟ್ಟ ಮೇಲೂ ಎಳೆದಂತೆ, ಒತ್ತಿದಂತೆ ಅನ್ನಿಸಿದರೆ ಗಾಬರಿಯಾಗಬೇಡಿ. ಚುರುಕ್ಕೆಂದು ನೋವೇ ಆದರೆ ಮಾತ್ರ ಹೇಳಿ. ಈ ದಪ್ಪ ಮತ್ತು ತೆಳು ತಂತುಗಳ ವೇಗವೂ ಬೇರೆ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕ್ ಎಂದು, ಆಮೇಲೆ ಒಂದು ಕ್ಷಣ ಬಿಟ್ಟು ಉರಿಯುವ ನೋವು ಬರುವುದನ್ನು ಗಮನಿಸಿದ್ದೀರಾ? ಮೊದಲಿನದು ವೇಗದ ತಂತುಗಳಲ್ಲಿ ಬಂದದ್ದು. ಎರಡನೆಯದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ತೆವಳಿಕೊಂಡು ಬಂದದ್ದು.

ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದರೆ ಅಲ್ಲಿ ಹುಳಿ ಅಂಶ ಹೆಚ್ಚಾಗಿ ಔಷಧಿ ತಂತುವಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ದಂತವೈದ್ಯರು "ಮೊದಲು ಮಾತ್ರೆ ತಗೊಳ್ಳಿ, ಹಲ್ಲು ಆಮೇಲೆ ಕೀಳೋಣ" ಎನ್ನಲು ಇದೂ ಒಂದು ಕಾರಣ. ಬಾಯಿ ಮರಗಟ್ಟಿರುವಾಗ ಬಿಸಿ ಕಾಫಿ ಬೇಡ, ಮಕ್ಕಳು ಕೆನ್ನೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ಹೆರಿಗೆ, ಹರ್ನಿಯಾ ಆಪರೇಷನ್‌ಗಳಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಮನೆಯವರಿಗೆ ಹೆಚ್ಚು ಭಯ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ನೀರಿನಂತಹ ದ್ರವದೊಳಗೆ ಈ ಔಷಧಿ ಬಿಡುತ್ತಾರೆ. ಅಲ್ಲಿರುವ ನರಗಳ ಬಾಗಿಲುಗಳು ಕೆಲವು ಗಂಟೆ ಮುಚ್ಚಿರುತ್ತವೆ. ಆಪರೇಷನ್ ಮುಗಿಸಿ ವಾರ್ಡಿಗೆ ಬಂದವರ ಕಾಲು ಎತ್ತಲು ಬಾರದೆ ಇರುವುದನ್ನು ನೋಡಿ ಕಣ್ಣೀರು ಹಾಕುವ ತಾಯಂದಿರನ್ನು ನಮ್ಮ ಸಿಸ್ಟರ್‌ಗಳು ದಿನವೂ ಸಮಾಧಾನ ಮಾಡುತ್ತಾರೆ. ಅದು ಪಾರ್ಶ್ವವಾಯು ಅಲ್ಲ. ವೈದ್ಯರು ಹೇಳಿದ ಸಮಯ ಮೀರಿದರೂ ಕಾಲಿಗೆ ಅರಿವು ಬಾರದಿದ್ದರೆ, ಅಥವಾ ಬಂದ ಅರಿವು ಮತ್ತೆ ಹೋದರೆ, ಬೆಳಗಾಗಲಿ ಎಂದು ಕಾಯದೆ ತಕ್ಷಣ ಸಿಸ್ಟರ್‌ಗೆ ತಿಳಿಸಿ.

ಫಿಟ್ಸ್ ಮಾತ್ರೆ ಮತ್ತು ಅದೇ ಬಾಗಿಲು

ಮೂರ್ಛೆ ರೋಗದಲ್ಲಿ ಸುದ್ದಿ ನಿಲ್ಲುವುದಿಲ್ಲ, ಮೆದುಳಿನಲ್ಲಿ ಬೇಡದ ಸುದ್ದಿ ಎಲ್ಲೆಡೆ ಒಟ್ಟಿಗೆ ಏಳುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಪದೇಪದೇ ತೆರೆಯುತ್ತಿರುವ ಸೋಡಿಯಂ ಬಾಗಿಲುಗಳನ್ನು ಹಿಡಿದು ನಿಧಾನಗೊಳಿಸುತ್ತವೆ. ಮಾತ್ರೆಯ ಅಂಶ ರಕ್ತದಲ್ಲಿ ಇರುವಷ್ಟು ಹೊತ್ತು ಮಾತ್ರ ಈ ಹಿಡಿತ. "ಆರು ತಿಂಗಳಿಂದ ಬಂದಿಲ್ಲ, ವಾಸಿಯಾಯಿತು" ಎಂದು ಒಂದು ದಿನ ದಿಢೀರನೆ ನಿಲ್ಲಿಸಿದರೆ ಬಾಗಿಲುಗಳೆಲ್ಲ ಸಡಿಲವಾಗಿ, ಒಂದರ ಹಿಂದೆ ಒಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ನಿಲ್ಲಿಸುವುದಿದ್ದರೆ ವೈದ್ಯರು ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ.

ಇನ್ನೊಂದು ವಿಷಯ ನೊಣದ ಕಥೆಗೆ ತೀರ ಹತ್ತಿರದ್ದು. ಸೋಡಿಯಂ ಬಾಗಿಲಿನ ಒಂದು ವಂಶವಾಹಿ ಕೆಟ್ಟರೆ, ಕೆಲವು ಮಕ್ಕಳಿಗೆ ಒಂದು ವರ್ಷ ತುಂಬುವ ಮೊದಲೇ, ಜ್ವರ ಬಂದಾಗ ದೀರ್ಘ ಹೊತ್ತಿನ ಫಿಟ್ಸ್ ಬರುತ್ತದೆ. ಬಿಸಿನೀರಿನ ಸ್ನಾನದಿಂದಲೂ ಬರಬಹುದು. ಇದಕ್ಕೆ ಡ್ರಾವೆ ಸಿಂಡ್ರೋಮ್ ಎನ್ನುತ್ತಾರೆ. ಈ ವಂಶವಾಹಿಯ ಪತ್ತೆಯಾದದ್ದು 2001ರಲ್ಲಿ. ಕಾಯಿಲೆ ಅಪರೂಪ. ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಬಹುಪಾಲು ಸಾಮಾನ್ಯದ್ದು, ಬೆಳೆಯುತ್ತ ಹೋಗಿಬಿಡುತ್ತದೆ. ಆದರೆ ಡ್ರಾವೆ ಇರುವ ಮಗುವಿಗೆ ಮೇಲೆ ಹೇಳಿದ ಫೆನಿಟಾಯಿನ್, ಕಾರ್ಬಮಜೆಪಿನ್ ಕೊಟ್ಟರೆ ಫಿಟ್ಸ್ ಹೆಚ್ಚುತ್ತದೆ! ಮೆದುಳನ್ನು ಹತೋಟಿಯಲ್ಲಿಡುವ ನರಕೋಶಗಳ ಬಾಗಿಲುಗಳೇ ಅಲ್ಲಿ ಸೋತಿರುತ್ತವೆ. ಅವನ್ನು ಇನ್ನಷ್ಟು ಮುಚ್ಚಿದರೆ ಹತೋಟಿಯೇ ತಪ್ಪುತ್ತದೆ. ಆದ್ದರಿಂದ "ನಮ್ಮ ಅಕ್ಕನ ಮಗನಿಗೂ ಫಿಟ್ಸ್, ಅವನ ಮಾತ್ರೆಯೇ ಇದಕ್ಕೂ ಆಗುತ್ತೆ" ಎಂದು ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಎಂದೂ ಕೊಡಬೇಡಿ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಯಾವ ಬಾಗಿಲೂ ಮುಚ್ಚುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ.

ತಂತುವೇ ಸವೆದಾಗ

ಬಾಗಿಲು ಮುಚ್ಚಿದ್ದರೆ ತೆರೆಯುತ್ತದೆ. ತಂತುವೇ ಹಾಳಾಗಿದ್ದರೆ? ಸಕ್ಕರೆ ಕಾಯಿಲೆಯಲ್ಲಿ ಆಗುವುದು ಇದು. ಅತಿ ಉದ್ದದ ತಂತುಗಳು ಮೊದಲು ಸೊರಗುತ್ತವೆ. ಹಾಗಾಗಿ ಎರಡೂ ಪಾದಗಳಲ್ಲಿ, ಕಾಲುಚೀಲ ಹಾಕಿಕೊಂಡಷ್ಟು ಜಾಗದಲ್ಲಿ ಅರಿವು ಕುಂದುತ್ತದೆ. ಮುಳ್ಳು ಚುಚ್ಚಿದ್ದು, ಚಪ್ಪಲಿ ಕಚ್ಚಿದ್ದು ತಿಳಿಯದೆ ಹುಣ್ಣಾಗಿ, ಕೊನೆಗೆ ಬೆರಳು ತೆಗೆಯಬೇಕಾದ ಸ್ಥಿತಿಯಲ್ಲಿ ಬರುವವರಿದ್ದಾರೆ. ನೋವಿಲ್ಲ ಎಂಬುದೇ ಇಲ್ಲಿ ಅಪಾಯದ ಗುರುತು. ದಿನಾ ರಾತ್ರಿ ಪಾದದ ಅಡಿಭಾಗವನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ, ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಲಿ. ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ.

ಕುಷ್ಠರೋಗವೂ ನರವನ್ನೇ ಹಿಡಿಯುತ್ತದೆ. ಮೈಮೇಲೆ ಬಣ್ಣ ಕುಂದಿದ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡದೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ಬಿ12 ಜೀವಸತ್ವ ಕಡಿಮೆಯಾದರೂ ಪಾದ ಮರಗಟ್ಟಬಹುದು. ಒಂದೇ ಕಡೆಯ ಕೈಕಾಲು ಹಠಾತ್ತನೆ ಸೋತು, ಬಾಯಿ ವಾರೆಯಾಗಿ, ಮಾತು ತೊದಲಿದರೆ ಮಾತ್ರ ಈ ಯಾವ ಯೋಚನೆಯೂ ಬೇಡ. ಅದು ಮೆದುಳಿನ ರಕ್ತನಾಳದ ತೊಂದರೆ. ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ ಔಷಧಿ ಇದೆ. ಎಣ್ಣೆ ಉಜ್ಜುತ್ತ ಕೂರಬೇಡಿ.

ನರದ ಪರೀಕ್ಷೆಗೆ ಬರುವವರಿಗೆ

ನಿಮ್ಮ ಚೀಟಿಯಲ್ಲಿ ಎನ್.ಸಿ.ವಿ. ಎಂದು ಬರೆದಿದ್ದರೆ, ನೊಣಕ್ಕೆ ಕೇಳಿದ ಪ್ರಶ್ನೆಯನ್ನೇ ನಿಮ್ಮ ಕೈಕಾಲಿಗೂ ಕೇಳಲಿದ್ದಾರೆ ಎಂದರ್ಥ. ಮೊಣಕೈ ಬಳಿಯಲ್ಲೊಮ್ಮೆ, ಮಣಿಕಟ್ಟಿನಲ್ಲೊಮ್ಮೆ ನರಕ್ಕೆ ಸಣ್ಣ ಶಾಕ್ ಕೊಟ್ಟು, ಬೆರಳಿನ ಬುಡದ ಸ್ನಾಯುವಿಗೆ ಅಲೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಅಳೆಯುತ್ತಾರೆ. ಆರೋಗ್ಯವಂತರ ಕೈಯಲ್ಲಿ ವೇಗ ಸೆಕೆಂಡಿಗೆ ಸುಮಾರು 50 ಮೀಟರಿಗಿಂತ ಹೆಚ್ಚು. ಮಣಿಕಟ್ಟಿನಲ್ಲಿ ಮಾತ್ರ ನಿಧಾನವಾದರೆ ನರ ಅಲ್ಲಿ ಒತ್ತಿಕೊಂಡಿದೆ, ಎಲ್ಲ ಕಡೆ ಕುಂದಿದ್ದರೆ ಕಾರಣ ಬೇರೆ. ಶಾಕ್ ಚುರುಗುಡುತ್ತದೆ, ಅಪಾಯವಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಜೋಮು ಯಾವಾಗ ಶುರುವಾಯಿತು, ಒಂದು ಕಡೆಯೋ ಎರಡೂ ಕಡೆಯೋ, ರಾತ್ರಿ ಹೆಚ್ಚೋ, ಬಂದು ಹೋಗುತ್ತದೆಯೋ ಅಥವಾ ಬಿಡದೆ ಇದೆಯೋ, ಇಷ್ಟನ್ನು ನೆನಪು ಮಾಡಿಕೊಂಡು ಬನ್ನಿ. ಬಂದು ಹೋಗುವ ಜೋಮಿಗೂ ಬಿಡದ ಜೋಮಿಗೂ ಕಾರಣಗಳು ಬೇರೆ ಇರಬಹುದು. ಪರೀಕ್ಷೆಯ ದಿನ ಕೈಕಾಲಿಗೆ ಎಣ್ಣೆ, ಕ್ರೀಮು ಹಚ್ಚಬೇಡಿ. ಉಂಗುರ, ಬಳೆ ತೆಗೆದು ಜೊತೆಗೆ ಬಂದವರ ಕೈಗೆ ಕೊಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗ್ಗೆ ಬರುವವರು ಕೈಯನ್ನು ಶಾಲಿನೊಳಗೆ ಬೆಚ್ಚಗಿಟ್ಟುಕೊಂಡು ಕೂತಿರಿ. ಕೈ ತಣ್ಣಗಿದ್ದರೆ ಸೋಡಿಯಂ ಬಾಗಿಲುಗಳು ನಿಧಾನವಾಗಿ ತೆರೆಯುತ್ತವೆ, ನರ ಚೆನ್ನಾಗಿದ್ದರೂ ವೇಗ ಕಡಿಮೆ ತೋರಿಸುತ್ತದೆ.